ಮಿತವ್ಯಯದ ರಿವಾಲ್ವರ್‌ಧಾರಿ

ಮಲೆನಾಡಿನ ತಾಲ್ಲೂಕು ಕೇಂದ್ರಗಳಲ್ಲಿ ಅಡಿಕೆ ತೋಟದ ಜೊತೆಗೆ ಸಣ್ಣಪುಟ್ಟ ಗುತ್ತಿಗೆ ಕೆಲಸವನ್ನೂ ಹಿಡಿದು, ಸಹಕಾರ ಸಂಘದ ಚುನಾವಣೆಯಲ್ಲಿ ಒಮ್ಮೆ ಗೆದ್ದು ಒಮ್ಮೆ ಸೋತು, ಐವತ್ತರ ಆಸುಪಾಸಿನಲ್ಲಿ ತಮ್ಮ ಘನತೆಗೆ ಏನೋ ಒಂದು ಕೊರತೆಯಿದೆಯೆಂದು ಕಂಡುಕೊಳ್ಳುವ ಗೃಹಸ್ಥರ ಒಂದು ವರ್ಗವಿದೆ. ಆ ಕೊರತೆಗೆ ರಿವಾಲ್ವರೇ ಪರಿಹಾರವೆಂಬ ನಿರ್ಣಯಕ್ಕೆ ಬಂದವನನ್ನು ಇಲ್ಲಿ ಅನುಕೂಲಕ್ಕಾಗಿ ಆಕಾಂಕ್ಷಿ ಎಂದು ಕರೆಯಬಹುದು. ಅವನ ಮನೆಯಲ್ಲಿ ಆಯುಧವೇ ಇಲ್ಲವೆಂದಲ್ಲ. ಹಂದಿ, ಮಂಗಗಳಿಂದ ಫಸಲನ್ನು ಉಳಿಸಿಕೊಳ್ಳಲೆಂದು ನೀಡಲಾಗುವ ಬೆಳೆ ರಕ್ಷಣೆಯ ಪರವಾನಗಿಯಡಿ ಒಂದು ಒಂಟಿನಳಿಗೆ ಕೋವಿ ತಂದೆಯ ಕಾಲದಿಂದಲೂ ಇದೆ. ಆದರೆ ಕೋವಿಯನ್ನು ಮದುವೆಮನೆಗೆ ಒಯ್ಯಲಾಗದು, ಒಯ್ದರೂ ಪಂಕ್ತಿಯಲ್ಲಿ ಕೂತಾಗ ಅದನ್ನು ಎಲ್ಲಿಡಬೇಕೆಂಬುದಕ್ಕೆ ಉತ್ತರವಿಲ್ಲ. ಒಬ್ಬನಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇರಕೂಡದೆಂದು ಆಯುಧ ಕಾಯ್ದೆಯ 2019ರ ತಿದ್ದುಪಡಿ ಹೇಳುವುದನ್ನು ಆಕಾಂಕ್ಷಿಯು ಎರಡು ಇರಲೇಬೇಕೆಂದು ಓದಿಕೊಳ್ಳುತ್ತಾನೆ.

1959ರ ಆಯುಧ ಕಾಯ್ದೆಯ ಪ್ರಕಾರ ಅರ್ಜಿ ಜಿಲ್ಲಾ ದಂಡಾಧಿಕಾರಿಗೆ, ಅಂದರೆ ಜಿಲ್ಲಾಧಿಕಾರಿಗೆ ಹೋಗುತ್ತದೆ. ಅಲ್ಲಿಂದ ಅದು ವರದಿಗಾಗಿ ಪೊಲೀಸ್ ಠಾಣೆಗೆ ಇಳಿಯುತ್ತದೆ. ಮಂಗನ ಕಾಟವನ್ನು ಹೇಳಿಕೊಂಡು ರಿವಾಲ್ವರ್ ಪಡೆಯುವಂತಿಲ್ಲವಾದ್ದರಿಂದ ಆತ್ಮರಕ್ಷಣೆಯೆಂಬ ಕಾರಣವನ್ನೇ ಬರೆಯಬೇಕು, ಹಾಗೆ ಬರೆದ ಮೇಲೆ ಜೀವಕ್ಕೆ ಅಪಾಯ ಯಾರಿಂದ ಎಂಬ ಪ್ರಶ್ನೆಗೆ ಒಂದು ಹೆಸರನ್ನೂ ಕೊಡಬೇಕು. ಆಕಾಂಕ್ಷಿಯ ಮೊದಲ ನಿಜವಾದ ಸಂಕಟ ಆರಂಭವಾಗುವುದು ಇಲ್ಲಿ. ಸಿಮೆಂಟ್ ಅಂಗಡಿಯವನು ಬಾಕಿಗಾಗಿ ಬಯ್ದಿದ್ದಾನೆಯೇ ಹೊರತು ಕೊಲ್ಲುತ್ತೇನೆ ಎಂದವನಲ್ಲ. ಕೊಂದರೆ ಬಾಕಿ ಮುಳುಗುತ್ತದೆಂಬ ವಿವೇಕ ಅವನಿಗಿದೆ. ಸಂಘದಲ್ಲಿ ಸೋಲಿಸಿದವನು ದಾರಿಯಲ್ಲಿ ಸಿಕ್ಕಾಗಲೆಲ್ಲ ಕಾಫಿಗೆ ಕರೆಯುತ್ತಾನೆ. ಹೀಗೆ ಅರ್ಧ ಶತಮಾನ ಬಾಳಿಯೂ ಒಬ್ಬ ನೆಟ್ಟಗಿನ ಶತ್ರುವನ್ನು ಸಂಪಾದಿಸಲಿಲ್ಲವೆಂಬ ಅವಮಾನವನ್ನು ನುಂಗಿಕೊಂಡು ಅವನು ಕೊನೆಗೆ ತೋಟದ ಅಗಳಿನ ವಿಷಯದಲ್ಲಿ ಮಾತುಬಿಟ್ಟಿರುವ ದಾಯಾದಿಯ ಹೆಸರನ್ನು ಬರೆಯುತ್ತಾನೆ.

ವಿಚಾರಣೆಗೆ ಠಾಣೆಗೆ ಬಂದ ದಾಯಾದಿಗೆ ಕೋಪ ಬರುವುದಿಲ್ಲ. ತನ್ನಿಂದಲೂ ಒಬ್ಬರ ಪ್ರಾಣಕ್ಕೆ ಅಪಾಯವಿದೆಯೆಂಬ ಮಾತು ಸರ್ಕಾರಿ ಕಾಗದದ ಮೇಲೆ ಬಂದದ್ದು ಅವನಿಗೆ ಸನ್ಮಾನವೆನಿಸುತ್ತದೆ. ಮಾರನೆಯ ವಾರವೇ ಅವನೂ ಒಂದು ಅರ್ಜಿ ಹಾಕಿ, ತನ್ನ ಜೀವಕ್ಕೆ ಆಕಾಂಕ್ಷಿಯಿಂದ ಭಯವಿದೆಯೆಂದೂ, ಅವನು ರಿವಾಲ್ವರಿಗೆ ಅರ್ಜಿ ಹಾಕಿರುವುದೇ ಇದಕ್ಕೆ ಪುರಾವೆಯೆಂದೂ ಬರೆಯುತ್ತಾನೆ. ಅಲ್ಲಿಂದ ಮುಂದೆ ಇಬ್ಬರೂ ಒಬ್ಬರಿಗೊಬ್ಬರು ಆಧಾರವಾಗಿ, ಜಿಲ್ಲಾ ಕೇಂದ್ರಕ್ಕೆ ಒಂದೇ ಬಸ್ಸಿನಲ್ಲಿ ಅಲೆದು, 2016ರ ಆಯುಧ ನಿಯಮಗಳು ಕಡ್ಡಾಯಗೊಳಿಸಿದ ಸುರಕ್ಷತಾ ತರಬೇತಿಯನ್ನೂ ಅಕ್ಕಪಕ್ಕ ನಿಂತೇ ಮುಗಿಸುತ್ತಾರೆ.

ಪರವಾನಗಿ ಕೈಗೆ ಬಂದ ಮೇಲೆ ಬೆಲೆಯ ಚಿಂತೆ ಮೊದಲಾಗುತ್ತದೆ. ಸೇನೆ ಮತ್ತು ಪೊಲೀಸರು ಬಳಸುವ 9 ಮಿ.ಮೀ. ಪಿಸ್ತೂಲು ನಿಷೇಧಿತ ಬೋರಿನದು, ಅಂದರೆ ನಳಿಗೆಯ ಒಳವ್ಯಾಸವು ಸಾಮಾನ್ಯ ಪ್ರಜೆಗೆ ಸಲ್ಲದೆಂದು ಕಾನೂನು ಗೆರೆ ಎಳೆದಿರುವ ಗುಂಪಿಗೆ ಸೇರಿದ್ದು. ಆದ್ದರಿಂದ ಸಿನಿಮಾ ನೋಡಿ ಕಟ್ಟಿಕೊಂಡ ಕನಸು ಅಲ್ಲಿಗೇ ಮುಗಿಯುತ್ತದೆ. ಉಳಿದವುಗಳಲ್ಲಿ ಹೆಚ್ಚು ರೂಢಿಯಲ್ಲಿರುವುದು .32 ಬೋರು, ಎಂದರೆ ಅಂಗುಲವನ್ನು ನೂರು ಪಾಲು ಮಾಡಿದಾಗ ಮೂವತ್ತೆರಡು ಪಾಲಿನಷ್ಟು. ಕಾನ್ಪುರದ ಸರ್ಕಾರಿ ಕಾರ್ಖಾನೆಯು 2014ರಲ್ಲಿ ಹೊರತಂದ ನಿರ್ಭೀಕ್ ಎಂಬ ರಿವಾಲ್ವರ್ ಅರ್ಧ ಕಿಲೋ ಮಾತ್ರ ತೂಗುತ್ತಿದ್ದು, ಆಗ ಅದರ ಬೆಲೆ 1,22,360 ರೂಪಾಯಿ. ಇದು ಹಿಡಿಸಿತೆಂದು ಆಕಾಂಕ್ಷಿ ಊರಲ್ಲೆಲ್ಲ ಹೇಳಿಕೊಂಡು ಬಂದ ಮೇಲೆ, ಹೆಂಗಸರ ಕೈಚೀಲದಲ್ಲಿ ಇಡಲು ಹೊಂದುವಂತೆ ಅದನ್ನು ಮಾಡಿದ್ದೆಂದು ತಿಳಿದು ಮರುದಿನದಿಂದ ಆ ಹೆಸರನ್ನು ಎತ್ತುವುದಿಲ್ಲ. 2023ರಲ್ಲಿ ಬಂದ ಪ್ರಬಲ್ ಎಂಬ ರಿವಾಲ್ವರ್ 50 ಮೀಟರ್ ದೂರಕ್ಕೆ ಗುರಿಯಿಡಬಲ್ಲುದೆಂದು ಓದಿ ಅವನು ಅಂಗಳದಿಂದ ಹೆಜ್ಜೆ ಅಳೆದು ನೋಡುತ್ತಾನೆ, ಅದು ಸರಿಯಾಗಿ ದಾಯಾದಿಯ ಕೊಟ್ಟಿಗೆಯವರೆಗೆ ಬರುತ್ತದೆ. ದುಡ್ಡು ಉಳಿಸಲು ಹಳೆಯ ಸರಕನ್ನು ವಿಚಾರಿಸಿದರೆ ಲೋಕವ್ಯವಹಾರವೇ ತಲೆಕೆಳಗಾಗಿರುತ್ತದೆ. 1980ರ ದಶಕದಲ್ಲಿ ವಿದೇಶಿ ಕೈಬಂದೂಕುಗಳ ಆಮದು ನಿಂತುಹೋದದ್ದರಿಂದ, ಇಂಗ್ಲೆಂಡಿನ ವೆಬ್ಲಿ ಆಂಡ್ ಸ್ಕಾಟ್ ಕಂಪನಿಯ ಹಳೆಯ ರಿವಾಲ್ವರಿಗೆ ಹೊಸ ದೇಶೀ ರಿವಾಲ್ವರಿಗಿಂತ ಎಷ್ಟೋ ಪಟ್ಟು ಬೆಲೆ. ಹಳೆಯ ಜೀಪನ್ನು ಅರ್ಧ ಬೆಲೆಗೆ ಕೇಳಿ ಅಭ್ಯಾಸವಾದವನು ಇಲ್ಲಿ ಬಾಯಿ ತೆರೆಯದೆ ಎದ್ದುಬರುತ್ತಾನೆ. ತೆರಿಗೆಯನ್ನು ಅವನು ಲೆಕ್ಕಕ್ಕೆ ಹಿಡಿದೇ ಇರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ರಿವಾಲ್ವರಿನ ಮೇಲಿನ ಜಿಎಸ್‌ಟಿ ಶೇ. 40, ಖಾಸಗಿ ವಿಮಾನ, ವಿಹಾರ ನೌಕೆ ಮತ್ತು ಬಾಟಲಿಯ ಸಿಹಿ ಸೋಡಾಕ್ಕೆ ಇರುವ ದರವೂ ಅದೇ. ಈ ನಾಲ್ಕರಲ್ಲಿ ಬಜೆಟ್ಟಿಗೆ ಹೊಂದುವುದು ಸೋಡಾ ಮಾತ್ರ ಎಂದು ಹೆಂಡತಿ ತೋರಿಸಿಕೊಟ್ಟಾಗ ಆಕಾಂಕ್ಷಿಯು ಒಂದು ಕೊಯ್ಲಿನ ಮಟ್ಟಿಗೆ ಖರೀದಿಯನ್ನು ಮುಂದೂಡಿ, ಅಡಿಕೆಯ ಧಾರಣೆ ಏರಿದ ವರ್ಷ ಕಾನ್ಪುರದ್ದೇ ಒಂದು ಸಾದಾ ರಿವಾಲ್ವರನ್ನು ತರುತ್ತಾನೆ.

ಕೊಂಡ ಮೇಲಿನ ನಿರಾಶೆ ಇನ್ನೂ ಆಳವಾದದ್ದು. ಸಾರ್ವಜನಿಕ ಸ್ಥಳದಲ್ಲಿ ಆಯುಧವನ್ನು ಅದರ ಚರ್ಮದ ಒರೆಯಲ್ಲೇ ಇಟ್ಟಿರಬೇಕು, ಹೊರತೆಗೆದು ಬೀಸುವಂತಿಲ್ಲ. ಮದುವೆ ದಿಬ್ಬಣದಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸೆರೆ, ಇಲ್ಲವೆ ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಉಂಟು. ಹೀಗಾಗಿ ಅವನಿಗೆ ಉಳಿಯುವುದು, ಸೆಖೆಗೆಂದು ಕೋಟಿನ ಗುಂಡಿ ಬಿಚ್ಚುವುದು ಮತ್ತು ಕೆಳಗೆ ಬಿದ್ದ ವೀಳ್ಯದೆಲೆಯನ್ನು ಹೆಕ್ಕಲು ಅಗತ್ಯಕ್ಕಿಂತ ಹೆಚ್ಚು ಬಾಗುವುದು ಮಾತ್ರ. ನೋಡಿದವರಲ್ಲಿ ಅರ್ಧ ಜನ ಅದನ್ನು ಮೊಬೈಲ್ ಫೋನಿನ ಚೀಲವೆಂದೇ ತಿಳಿಯುತ್ತಾರೆ.

ಈ ವರ್ಗಕ್ಕೆ ನಿಜವಾದ ಸುಗ್ಗಿಯೆಂದರೆ ಚುನಾವಣೆ. ನೀತಿಸಂಹಿತೆ ಜಾರಿಗೆ ಬಂದೊಡನೆ ಪರವಾನಗಿ ಹೊಂದಿದ ಆಯುಧಗಳನ್ನು ಠಾಣೆಯಲ್ಲಿ ಜಮೆ ಮಾಡಬೇಕೆಂದು ಆದೇಶ ಹೊರಡುತ್ತದೆ, ಬೆಳೆಗಾರರು ಹಂದಿಯ ಕಾಟವನ್ನು ಹೇಳಿ ಗೊಣಗುತ್ತಾರೆ. ಆಕಾಂಕ್ಷಿ ಗೊಣಗುವುದಿಲ್ಲ. ಬಸ್ ನಿಲ್ದಾಣ, ಸಂತೆಮಾಳ, ಸೊಸೈಟಿ ಕಟ್ಟಡಗಳನ್ನೆಲ್ಲ ಬಳಸಿ ಠಾಣೆ ಸೇರಿ, ಎಲ್ಲಿಗೆಂದು ಕೇಳಿದವರಿಗೂ ಕೇಳದವರಿಗೂ ರಿವಾಲ್ವರ್ ಜಮೆ ಮಾಡಲು ಎಂದು ಗಟ್ಟಿಯಾಗಿ ಉತ್ತರಿಸಿ, ಪಡೆದ ರಸೀದಿಯನ್ನು ಅಂಗಿಯ ಮೇಲುಜೇಬಿನಲ್ಲಿ ಅರ್ಧ ಕಾಣುವಂತೆ ಇಟ್ಟುಕೊಳ್ಳುತ್ತಾನೆ. ರಸೀದಿಯನ್ನು ಒರೆಯಲ್ಲಿಡಬೇಕೆಂಬ ನಿಯಮವಿಲ್ಲ. ದಾಯಾದಿಯೂ ಅದೇ ದಿನ ತನ್ನದನ್ನು ಜಮೆ ಮಾಡಬೇಕಾಗಿರುವುದರಿಂದ ಇಬ್ಬರೂ ಒಂದೇ ಜೀಪಿನಲ್ಲಿ ಹೋಗಿಬರುತ್ತಾರೆ, ಡೀಸೆಲ್ಲಿನ ಖರ್ಚು ಅರ್ಧರ್ಧ.