ಬೈಪಾಸಿನ ಕಂಬದ ಮೇಲಿನ ಬುದ್ಧಿಯವರಿಗೆ

ಬೆಂಗಳೂರು–ಮೈಸೂರು ದಶಪಥದ ಮೇಲೆ ಹಗಲೂ ರಾತ್ರಿ ರೆಪ್ಪೆ ಬಡಿಯದೆ ಕೂತಿರುವ ಕ್ಯಾಮೆರಾ ಬುದ್ಧಿಯವರ ಪಾದಕ್ಕೆ, ಪಾದ ಇಲ್ಲವಾದರೆ ಕಂಬದ ಬುಡಕ್ಕೆ, ಮದ್ದೂರಿನವನೊಬ್ಬನ ನಮಸ್ಕಾರ. ಅಡ್ಡಬಿದ್ದೆ ಬುದ್ಧಿ.

ಮೊದಲು ನಿಮಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. 2023ರ ಮಾರ್ಚ್ 12ರಂದು ನಮ್ಮ ಗೆಜ್ಜಲಗೆರೆಯಲ್ಲಿ ಪ್ರಧಾನಿಗಳು ಈ 118 ಕಿಲೋಮೀಟರ್ ರಸ್ತೆಯನ್ನು ಉದ್ಘಾಟಿಸಿ ಹೋದರು. ಆ ಒಂದೇ ವರ್ಷದಲ್ಲಿ ನೂರಕ್ಕೂ ಹೆಚ್ಚು ಜನ ಇದರ ಮೇಲೆ ಸತ್ತರು. ಆಮೇಲೆ ನೀವು ಬಂದಿರಿ. ನೂರರ ವೇಗಮಿತಿಯನ್ನು ಬರೀ ಬೋರ್ಡಿನ ಅಲಂಕಾರ ಎಂದುಕೊಂಡಿದ್ದವರಿಗೆ ಭಯ ಹುಟ್ಟಿತು, 2024ರ ಆಗಸ್ಟಿನಿಂದ 130 ದಾಟಿದರೆ ಎಫ್‌ಐಆರ್ ಎಂದಾಯಿತು, ಸಾವು ಇಳಿಯಿತು. ರಸ್ತೆ ಬದಿಯಲ್ಲಿ ಹೆಣ ಎತ್ತಿದ ಸೀಮೆಯವರು ನಾವು; ನೀವು ಬೇಡವೇ ಬೇಡ ಎನ್ನುವಷ್ಟು ಕೃತಘ್ನರಲ್ಲ. ಬೈಪಾಸು ಬಂದು ನಮ್ಮ ವಡೆ ವ್ಯಾಪಾರ ಬಿದ್ದುಹೋಯಿತಲ್ಲ, ಅದೂ ನಿಮ್ಮ ತಪ್ಪಲ್ಲ. ಆ ಪುರಾಣ ಇಲ್ಲಿ ಎತ್ತುವುದಿಲ್ಲ.

ಹಿಂದೆ ಪೇದೆಯವರು ಗಾಡಿಗೆ ಕೈ ಅಡ್ಡ ಹಾಕುತ್ತಿದ್ದರು. 'ಸಾರ್, ಅವ್ವಂಗೆ ಹುಷಾರಿಲ್ಲ, ಮಂಡ್ಯ ಆಸ್ಪತ್ರೆಗೆ ಓಯ್ತಾ ಇವ್ನಿ' ಎಂದರೆ ಬೈದು ಬಿಡುತ್ತಿದ್ದರು, ಇಲ್ಲವೇ ಬೈಯದೆ ಬೇರೇನಾದರೂ ಇಸಕೊಂಡು ಬಿಡುತ್ತಿದ್ದರು. ನಿಮ್ಮದು ಶುದ್ಧಹಸ್ತ, ಹಸ್ತವೇ ಇಲ್ಲವಲ್ಲ. ಆದರೆ ಕಿವಿಯನ್ನೂ ಇಡದೆ ಬಿಟ್ಟರಲ್ಲ ಬುದ್ಧಿ, ಅದು ಯಾರ ಉಪಾಯ?

ನೀವು ಹಿಡಿಯುವುದು ನಂಬರ್ ಪ್ಲೇಟನ್ನು. ನಮ್ಮ ಕಡೆ ಗಾಡಿಯ ಸಂಸಾರ ಅಷ್ಟು ಸರಳವಲ್ಲ. ಆರ್‌ಸಿ ಸೋದರಮಾವನ ಹೆಸರಲ್ಲಿರುತ್ತದೆ, ಅವರು ಮಳವಳ್ಳಿಯವರಿಗೆ ಮಾರಿ ಎರಡು ವರ್ಷವಾಗಿರುತ್ತದೆ, ಮಳವಳ್ಳಿಯವರು ಅಳಿಯನಿಗೆ ಕೊಟ್ಟಿರುತ್ತಾರೆ. ಅಳಿಯ ಹಾರಿಸಿಕೊಂಡು ಹೋದದ್ದಕ್ಕೆ ಮಾವನ ಫೋನು ಟಿಂಗ್ ಎನ್ನುತ್ತದೆ. ಸುದ್ದಿ ಹುಡುಕಿಕೊಂಡು ಅಳಿಯನನ್ನು ಮುಟ್ಟುವ ಹೊತ್ತಿಗೆ ಆತ ಗಾಡಿಯನ್ನು ಇನ್ನೊಬ್ಬರಿಗೆ ಒಪ್ಪಿಸಿರುತ್ತಾನೆ.

ಅದೂ ನಿಮ್ಮದೇ ಮೆಸೇಜು ಎಂದು ಹೇಗೆ ನಂಬುವುದು? ನಿಮ್ಮ ಹೆಸರು ಹೇಳಿಕೊಂಡು ವಾಟ್ಸ್ಆ್ಯಪಿನಲ್ಲಿ ಕಳ್ಳರು ಚಲನ್ ಕಳಿಸುತ್ತಾರೆ, ಜೊತೆಗೊಂದು ಎಪಿಕೆ ಫೈಲು. ಒತ್ತಿದರೆ ಬ್ಯಾಂಕಿನ ಖಾತೆ ಗುಡಿಸಿ ಸಾರಿಸಿದ ಹಾಗೆ. ಭಯಭಕ್ತಿಯುಳ್ಳ ಯಜಮಾನರು ಕಾನೂನಿಗೆ ಹೆದರಿ ಒತ್ತಿ ಕೆಡುತ್ತಾರೆ. ಯಾವುದಕ್ಕೂ ಹೆದರದ ಪಡ್ಡೆಗಳು ಒತ್ತದೆ ಉಳಿಯುತ್ತವೆ.

ನಿಮ್ಮ ದಾಯಾದಿಗಳ ಕಥೆಯನ್ನೂ ಕೇಳಿದ್ದೇವೆ. ಕೇರಳದಲ್ಲಿ 2023ರಲ್ಲಿ 726 ಕ್ಯಾಮೆರಾ ಹಾಕಿದರು. ಹೆಲ್ಮೆಟ್ ಇಲ್ಲದೆ ಸ್ಕೂಟರಿನಲ್ಲಿ ಹೋದವನೊಬ್ಬನ ಫೋಟೊ, ಹಿಂದೆ ಕೂತಿದ್ದ ಬೇರೆ ಹೆಂಗಸಿನ ಸಮೇತ, ಗಾಡಿಯ ಒಡತಿಯಾದ ಅವನ ಹೆಂಡತಿಗೇ ಹೋಯಿತು. ಕೇಳಿದ ಹೆಂಡತಿಯ ಮೇಲೆ ಕೈ ಮಾಡಿ ಆತ ಪೊಲೀಸರ ಅತಿಥಿಯಾದ. ಅವನಿಗೆ ತಕ್ಕದ್ದೇ ಆಯಿತು, ಆದರೆ ಆ ಫೋಟೊದಲ್ಲಿ ಹೆಲ್ಮೆಟ್ಟಿಗಿಂತ ಹೆಚ್ಚಿನದು ಏನೇನಿತ್ತು ನೋಡಿ. ಅದೇ ವರ್ಷ ನೆದರ್‌ಲೆಂಡ್ಸಿನಲ್ಲಿ ತಲೆ ಕೆರೆದುಕೊಂಡವನೊಬ್ಬ ಫೋನಿನಲ್ಲಿ ಮಾತಾಡುತ್ತಿದ್ದಾನೆಂದು 380 ಯೂರೋ ದಂಡ ಬಿತ್ತು. ಯಂತ್ರ ಹೇಳಿದ್ದನ್ನು ಪರೀಕ್ಷಿಸಲು ಅಲ್ಲಿ ಮನುಷ್ಯರನ್ನೂ ಇಟ್ಟಿದ್ದಾರೆ. ಯಂತ್ರ ಹೇಳಿತಲ್ಲ, ಇನ್ನೇನು ಎಂದು ಸಹಿ ಹಾಕುವ ಗುಮಾಸ್ತರು ಮಂಡ್ಯದಲ್ಲಿ ಮಾತ್ರ ಇರುತ್ತಾರೆಂದು ನಾನು ತಿಳಿದಿದ್ದೆ.

ಈಗ ಕಾನೂನಿನ ವಿಚಾರ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದಾಗ ನಿಮಗಾಗಿಯೇ 136ಎ ಎಂಬ ಕಲಮನ್ನು ಸೇರಿಸಿದರು. ಅದೇ ತಿದ್ದುಪಡಿಯಲ್ಲಿ 198ಎ ಕೂಡ ಬಂತು. ರಸ್ತೆಯನ್ನು ಮಾನದಂಡದಂತೆ ರೂಪಿಸದೆ, ಕಟ್ಟದೆ, ನೋಡಿಕೊಳ್ಳದೆ ಜನ ಸತ್ತರೆ, ಕೈಕಾಲು ಕಳೆದುಕೊಂಡರೆ, ಅದಕ್ಕೆ ಹೊಣೆಯಾದ ಪ್ರಾಧಿಕಾರಕ್ಕೋ ಗುತ್ತಿಗೆದಾರರಿಗೋ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು ಎನ್ನುವ ಕಲಮು. ಒಂದೇ ಬಸಿರಿನ ಅಣ್ಣತಮ್ಮಂದಿರು. 136ಎ ಕಂಬ ಹತ್ತಿ ಕೂತು ಫೋಟೊ ಹೊಡೆಯುತ್ತಿದೆ. 198ಎ ಪುಸ್ತಕ ಬಿಟ್ಟು ಈ ಕಡೆ ಬಂದದ್ದನ್ನು ಕಂಡವರಿಲ್ಲ. 2022ರ ಆಗಸ್ಟಿನ ಮಳೆಗೆ ರಾಮನಗರದ ಬಳಿ ಈ ರಸ್ತೆ ಕೆರೆಯಾಯಿತು. ಉದ್ಘಾಟನೆಯಾಗಿ ವಾರ ತುಂಬುವ ಮೊದಲೇ ಸುರಿದ ಮಳೆಗೆ ಮತ್ತೆ ಕೆರೆಯಾಯಿತು. ಮುಳುಗಿ ನಿಂತ ಕಾರಿನ ನಂಬರನ್ನು ನೀವು ಓದಬಲ್ಲಿರಿ. ಚರಂಡಿ ಮರೆತವರ ಬೆನ್ನಿಗೂ ಒಂದೊಂದು ನಂಬರ್ ಪ್ಲೇಟು ಹೊಡೆದಿದ್ದರೆ ನಿಮಗೆ ಅನುಕೂಲವಾಗುತ್ತಿತ್ತೋ ಏನೋ.

ಇನ್ನು ಮನೆ ಈಚೆ, ಗದ್ದೆ ಆಚೆ ಇರುವವರು. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆ ನಿಷಿದ್ಧ. ಎಳನೀರು ಹೇರಿಕೊಂಡು ಮದ್ದೂರು ಮಾರುಕಟ್ಟೆಗೆ ಬರುವವರು, ಕಬ್ಬಿನ ಲೋಡು ಎಳೆಯುವವರು ಸರ್ವಿಸ್ ರಸ್ತೆಯಲ್ಲಿ ಬಳಸಿ ಬಳಸಿ ಬರಬೇಕು. ಜಮೀನು ಕೊಟ್ಟವರಿಗೆ ನಿಮ್ಮ ದರ್ಶನಭಾಗ್ಯವೇ ಇಲ್ಲ, ಬೇಲಿ ಹಾರಿ ರಸ್ತೆ ದಾಟುವಾಗ ಓರೆಗಣ್ಣಿಗೆ ಬಿದ್ದರೆ ಉಂಟು.

ನಿಮಗೂ ಕಟ್ಟಳೆ ಇದೆ ಬುದ್ಧಿ. 2021ರ ಆಗಸ್ಟಿನಲ್ಲಿ ಬಂದ 167ಎ ನಿಯಮವನ್ನು ಓದಿಸಿಕೊಂಡಿದ್ದೇನೆ. ನಿಮ್ಮ ಕಣ್ಣು ಸರಿಯಾಗಿದೆ ಎಂದು ರಾಜ್ಯದ ಪ್ರಾಧಿಕಾರದ ಪ್ರಮಾಣಪತ್ರ ಬೇಕು, ಅದನ್ನು ವರ್ಷ ವರ್ಷ ನವೀಕರಿಸಬೇಕು. ನೀವಿದ್ದೀರಿ ಎಂದು ಮೊದಲೇ ಬೋರ್ಡು ಹಾಕಿರಬೇಕು. ತಪ್ಪು ನಡೆದ 15 ದಿನದೊಳಗೆ ನೋಟಿಸು ಹೊರಡಬೇಕು. ನಮ್ಮ ಎಮಿಷನ್ ಸರ್ಟಿಫಿಕೇಟು ಒಂದು ದಿನ ತಡವಾದರೆ ಹಿಡಿಯುತ್ತಾರಲ್ಲ, ನಿಮ್ಮ ಸರ್ಟಿಫಿಕೇಟನ್ನು ಕಂಬದ ಬುಡದಲ್ಲಿ ಅಂಟಿಸಿದರೆ ನಾವೂ ಕಣ್ತುಂಬ ನೋಡಿಕೊಂಡೇವು.

ತಪ್ಪು ಮಾಡಿದವರ ಚಿತ್ರವನ್ನು ಚಲನ್ ಇತ್ಯರ್ಥವಾಗುವತನಕ ಇಟ್ಟುಕೊಳ್ಳಬೇಕಂತೆ, ಸರಿ. ತೊಂಬತ್ತರ ವೇಗದಲ್ಲಿ ಮರ್ಯಾದೆಯಾಗಿ ಹೋದವರದು? ಮಗಳಿಗೆ ಗಂಡು ನೋಡಲು ಗುಟ್ಟಾಗಿ ಮೈಸೂರಿಗೆ ಹೋಗಿಬಂದ ಕುಟುಂಬ, ಎಷ್ಟು ಹೊತ್ತಿಗೆ, ಯಾರ ಜೊತೆ ಎನ್ನುವುದು ಬೀಗರಿಗಿಂತ ಮೊದಲು ನಿಮಗೆ ಗೊತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಬಾಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಎನ್ನಿಸಿಕೊಂಡು ಬಂದರು. 2023ರಲ್ಲಿ ದತ್ತಾಂಶ ರಕ್ಷಣೆಯ ಕಾಯ್ದೆಯೂ ಬಂತು. ಅದರಲ್ಲಿ ಸರ್ಕಾರ ತನಗೆ ಬೇಕಾದ ತನ್ನದೇ ಸಂಸ್ಥೆಗಳನ್ನು ಹೊರಗಿಡಲು ಒಂದು ಹಿತ್ತಿಲ ಬಾಗಿಲೂ ಇದೆ. ಆ ಬಾಗಿಲಿಗೆ ಮಾತ್ರ ಯಾರೂ ಕ್ಯಾಮೆರಾ ಹಾಕಿಲ್ಲ.

ಆದ್ದರಿಂದ ಈ ಪತ್ರವನ್ನೇ ನೋಟಿಸೆಂದು ತಿಳಿಯುವುದು. ಆರೋಪಗಳು: ಪ್ರಮಾಣಪತ್ರವನ್ನು ಸಾರ್ವಜನಿಕರಿಗೆ ತೋರಿಸದೆ ನೋಡುತ್ತಿರುವುದು, ಒಂದೇ ದಿಕ್ಕಿಗೆ ನೋಡುತ್ತಿರುವುದು, ಕೇಳಿಸಿಕೊಳ್ಳದಿರುವುದು. ದಂಡದ ಮೊತ್ತವನ್ನು 198ಎ ಕಲಮಿನ ಪ್ರಕಾರ ಬರೆದುಕೊಂಡಿದ್ದೇನೆ. ಗಾಬರಿ ಬೇಡ, ಅವಸರವಾಗಿ ಕಟ್ಟಲೂಬೇಡಿ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಸರ್ಕಾರ ಶೇ. 50 ರಿಯಾಯಿತಿ ಕೊಟ್ಟಿತು, 2025ರ ಆಗಸ್ಟಿನಲ್ಲೂ ಕೊಟ್ಟಿತು; ಅಂದಂದಿನದು ಅಂದಂದೇ ಕಟ್ಟಿದ ನಮ್ಮ ಬೀದಿಯ ಮೇಷ್ಟ್ರು ಈಗಲೂ ಹಲ್ಲು ಕಡಿಯುತ್ತಾರೆ. ನಿಮಗೂ ಆಷಾಢದ ಸೇಲಿನಲ್ಲಿ ಅರ್ಧ ಬಿಡುತ್ತೇನೆ. ಹಣ ಕಟ್ಟಲು ಲಿಂಕು ಮಾತ್ರ ಕಳಿಸುವುದಿಲ್ಲ, ನೀವು ಒತ್ತಿದರೆ ಕಷ್ಟ.

ಇಂತಿ,
ನಿಮ್ಮ ಕಣ್ಣಿಗೆ ಬರೀ ಒಂದು ಕೆಎ 11