ತುಕ್ಕು ಸಾಹೇಬರಿಗೊಂದು ಬಹಿರಂಗ ಪತ್ರ

ಶ್ರೀಮಾನ್ ತುಕ್ಕು ಸಾಹೇಬರಿಗೆ,
ಮು. ಪೋ. ಲೋಕಾಪುರ, ತಾ. ಮುಧೋಳ.

ಕರಿಕಲ್ಲು ಕರಗಿಸಿ ಎಳೆ ತೆಗೆದು ಸ್ಲ್ಯಾಬಿಗೆ ಹಾಕುತ್ತಾರಂತೆ ಎಂಬ ಸುದ್ದಿ ಕೇಳಿ ತಾವು ಗಾಬರಿಯಾಗಿದ್ದೀರೆಂದು ತಿಳಿಯಿತು. ಸುದ್ದಿ ಸುಳ್ಳಲ್ಲ. ಬಸಾಲ್ಟ್ ಕಲ್ಲನ್ನು 1,400–1,500 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕರಗಿಸಿ, ಪ್ಲಾಟಿನಂ–ರೋಡಿಯಂ ತಟ್ಟೆಯ ತೂತುಗಳಿಂದ ಕೂದಲಿಗಿಂತ ತೆಳ್ಳಗಿನ ಎಳೆ ಎಳೆಯುತ್ತಾರೆ. ಅವನ್ನು ರಾಳದಲ್ಲಿ ಅದ್ದಿ ಬಿಗಿದರೆ ಸಳಿ ತಯಾರು. ತೂಕ ಕಬ್ಬಿಣದ ಸಳಿಯ ಸುಮಾರು ಕಾಲುಭಾಗ, ಎಳೆತ ತಾಳುವ ಶಕ್ತಿ ಹೆಚ್ಚುಕಡಿಮೆ ಎರಡು ಪಟ್ಟು. ತಮಗೆ ಮಾತ್ರ ಅಲ್ಲಿ ಒಂದು ತುತ್ತೂ ಸಿಗದು.

ಕಲ್ಲಿಗೇನು ನಮ್ಮಲ್ಲಿ ಬರವೇ? ಕಲಾದಗಿ ಶಿಲಾಸ್ತರಗಳ ಒಂದು ಉಪಗುಂಪಿಗೆ ಭೂವಿಜ್ಞಾನಿಗಳು ಲೋಕಾಪುರದ ಹೆಸರನ್ನೇ ಇಟ್ಟಿದ್ದಾರೆ. ಇಲ್ಲಿ ಸುಣ್ಣದಕಲ್ಲು, ಮುದ್ದಾಪುರದಲ್ಲಿ ಸಿಮೆಂಟ್ ಕಾರ್ಖಾನೆ, ಜಮಖಂಡಿ ಕಡೆ ದಖ್ಖನ್ನಿನ ಕರಿಕಲ್ಲು. (ಕರಿಕಲ್ಲೆಲ್ಲ ಎಳೆಗೆ ಒಗ್ಗುವುದಿಲ್ಲ, ಸಿಲಿಕಾ ಹದವಾಗಿರಬೇಕು. ನಮಗೆ ಸದ್ಯ ಅದನ್ನು ಖಡಿ ಮಾಡುವುದಷ್ಟೇ ಗೊತ್ತು.)

ಆದರೂ ತಾವು ಹೆದರಬೇಡಿ. ಸ್ಲ್ಯಾಬ್ ಹಾಕುವ ದಿನ ಒಮ್ಮೆ ಬಂದು ನೋಡಿ. "ಇನ್ನೆರಡ ಬಕೀಟ ನೀರ ಹಾಕ್ರಿ, ಮಾಲ ಸರಳ ಓಡ್ಲಿ" ಎಂದು ಮೇಸ್ತ್ರಿ ಕೂಗುತ್ತಾನೆ. ಸಳಿಯನ್ನು ಹಲಗೆಯಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಇರಬೇಕಾದಲ್ಲಿ ಖಡಿ ಚೂರು ಇದೆ. ಬುಟ್ಟಿ ಹೊತ್ತವರು ಜಾಳಿಗೆಯ ಮೇಲೇ ಓಡಾಡುತ್ತಾರೆ. ಚೂರು ಜಾರಿ, 20 ಮಿ.ಮೀ. ಕಾಂಕ್ರೀಟಿನ ಹೊದಿಕೆಯೊಳಗೆ ಇರಬೇಕಾದ ಸಳಿ ಸೆಂಟ್ರಿಂಗ್ ಹಲಗೆಗೆ ಹೊಟ್ಟೆ ಆನಿಸಿ ಮಲಗುತ್ತದೆ. ಸಳಿ ಹಾಕಿದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿ.ಗ್ರಾಂ. ಮೀರಬಾರದೆಂದು ಕಾಂಕ್ರೀಟಿನ ಭಾರತೀಯ ಮಾನಕ ಐ.ಎಸ್. 456 ಹೇಳುತ್ತದೆ. ಸವಳು ಏರಿದ ಊರಲ್ಲಿ ಬೋರಿನ ನೀರನ್ನು ಪರೀಕ್ಷೆಗೆ ಕಳಿಸುವವರು ಯಾರು? ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ನೀರುಣಿಸಬೇಕು. ಕರೆಂಟು ಹೋಯಿತು, ನಡುವೆ ಲಗ್ನ ಬಂತು, ಮೂರಕ್ಕೇ ಮುಗಿಯಿತು. ಆಮೇಲಿನದು ತಮ್ಮ ಕೆಲಸ. ತಾವು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವವರು. ಒಳಗಿಂದಲೇ ಒತ್ತಿ ಚಕ್ಕೆ ಉದುರಿಸುತ್ತೀರಿ.

ನಾಳೆ ಕಲ್ಲಿನ ಸಳಿ ಬಂದೇ ಬಿಟ್ಟರೆ? ಅದಕ್ಕೂ ನಮ್ಮಲ್ಲಿ ಮದ್ದಿದೆ. ಅದರ ಬಿಗುವು ಉಕ್ಕಿನ ನಾಲ್ಕರಲ್ಲೊಂದು ಪಾಲು; ಲೆಕ್ಕ ಹಾಕದೆ ಅದೇ ಗಾತ್ರ, ಅದೇ ಅಂತರದಲ್ಲಿ ಕಟ್ಟಿದರೆ ಛತ್ತು ಜೋತುಬೀಳುತ್ತದೆ. ಉಕ್ಕಿನಂತೆ ಬಾಗಿ ಮುನ್ಸೂಚನೆ ಕೊಡದೆ ಫಕ್ಕನೆ ಮುರಿಯುತ್ತದೆ. ಸೈಟಿನಲ್ಲಿ ಮಣಿಸಲು ಬಾರದು, ಬೆಂಕಿ ತಗುಲಿದರೆ ರಾಳ ಮೆತ್ತಗಾಗುತ್ತದೆ. ಇನ್ನು ಮಾಲಿನಲ್ಲಿ ಕಲಸುವ ತುಂಡೆಳೆ ಸಣ್ಣ ಬಿರುಕು ಹಬ್ಬದಂತೆ ತಡೆಯುತ್ತದೆ, ಭಾರ ಹೊರುವ ಸಳಿಯ ಬದಲಿಯಾಗುವುದಿಲ್ಲ. ಆದರೆ "ಎಳಿ ಹಾಕೀವಲ್ರಿ, ಸಳಿ ಸ್ವಲ್ಪ ಕಮ್ಮಿ ಮಾಡೂಣು" ಎನ್ನುವ ಜಾಣರು ಆಗಲೇ ಹುಟ್ಟಿರುತ್ತಾರೆ. ಉಳಿದ ಸಳಿಯೆಲ್ಲ ತಮ್ಮ ಪಾಲಿಗೇ.

ಮಾಲಿನ ಹದ ಅಳೆಯುವ ಸ್ಲಂಪ್ ಕೋನ್ ಹಿಡಿದು ತಿರುಗುವ ಎಳೆಯ ಇಂಜಿನಿಯರುಗಳಿಂದ ಮಾತ್ರ ದೂರವಿರಿ. ಸದ್ಯಕ್ಕೆ ಅವರ ಮಾತು ಕೇಳುವವರಿರಲಿ, ಅವರಿಗೊಂದು ಕಪ್ ಚಹಾ ಕೊಡುವವರೂ ಇಲ್ಲ.

ತಮ್ಮ ವಿಧೇಯ,
ಸೋರುವ ಛತ್ತಿನ ಕೆಳಗಿನ ಬಾಡಿಗೆದಾರ