ನೆಟ್ಟಬೆನ್ನಿನ ಸೂಪರ್‌ಮ್ಯಾನ್

ಸೂಪರ್‌ಮ್ಯಾನ್‌ಗೆ ಶಕ್ತಿ ಬರುವುದು ನಮ್ಮ ಸೂರ್ಯನಿಂದಲೇ ಎಂದು ಮಗಳು ಹೇಳಿದಾಗ ನನಗೆ ಬಂದ ಮೊದಲ ಅನುಮಾನ: ಹಾಗಾದರೆ ಪಾವಗಡದವರು ಇನ್ನೂ ಯಾಕೆ ಬಸ್ಸಿಗೆ ಕಾಯುತ್ತಾರೆ? ಅಲ್ಲಿ ಹೊಡೆಯುವ ಬಿಸಿಲಿಗೆ ಇಡೀ ತಾಲ್ಲೂಕೇ ಮಧುಗಿರಿ ಬೆಟ್ಟದ ಮೇಲಿಂದ ಹಾರಿ ತುಮಕೂರು ಸೇರಬೇಕಿತ್ತು. ಆದರೆ ಆ ಬಿಸಿಲಿಗೆ ಸರ್ಕಾರ ಆಗಲೇ ಬಲೆ ಬೀಸಿದೆ. ತಿರುಮಣಿ, ವಳ್ಳೂರು ಸುತ್ತಿನ ಸುಮಾರು 13,000 ಎಕರೆಯಲ್ಲಿ ಸೋಲಾರ್ ಹಲಗೆ ಹಾಸಿ, 2,000 ಮೆಗಾವ್ಯಾಟ್ ಲೆಕ್ಕದಲ್ಲಿ ಕರೆಂಟು ತೆಗೆಯುತ್ತಾರೆ. ಹೆಸರೂ ‘ಶಕ್ತಿಸ್ಥಳ’ವೇ. ಜಮೀನು ಕೊಟ್ಟ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಹಣ ಶುರುವಾಯಿತು. ಹಾರಾಟ ಮಾತ್ರ ಯಾರ ಪಾಲಿಗೂ ಬರಲಿಲ್ಲ.

ನನಗೆ ಬೇಕಾದದ್ದೂ ಹಾರಾಟವಲ್ಲ. 1978ರ ‘ಸೂಪರ್‌ಮ್ಯಾನ್’ ಸಿನಿಮಾದಲ್ಲಿ ನಟ ಕ್ರಿಸ್ಟೋಫರ್ ರೀವ್ ಒಂದು ಸಣ್ಣ ಕೆಲಸ ಮಾಡುತ್ತಾರೆ. ಸಹೋದ್ಯೋಗಿ ಲೋಯಿಸ್ ಪಕ್ಕದ ಕೋಣೆಗೆ ಹೋದಾಗ, ಸೂಪರ್‌ಮ್ಯಾನ್‌ನ ಮಾರುವೇಷವಾದ, ಭುಜ ಇಳಿಬಿಟ್ಟ ಪತ್ರಕರ್ತ ಕ್ಲಾರ್ಕ್ ಕೆಂಟ್ ಕನ್ನಡಕ ತೆಗೆದು ಬೆನ್ನು ನೆಟ್ಟಗೆ ಮಾಡುತ್ತಾನೆ. ದನಿಯೂ ಗಟ್ಟಿಯಾಗುತ್ತದೆ. ಅಷ್ಟಕ್ಕೇ ಆಳು ಬೇರೆ! ಆಮೇಲೆ ನಿಜ ಹೇಳುವ ಧೈರ್ಯ ಸಾಲದೆ ಮತ್ತೆ ಕುಗ್ಗುತ್ತಾನೆ. ಹಾರುವುದಕ್ಕೆ ತಂತಿ ಬೇಕು, ಕ್ರೇನು ಬೇಕು. ಇದಕ್ಕೆ ಇರುವ ಬೆನ್ನೇ ಸಾಕಲ್ಲ. 2013ರಲ್ಲಿ ಅದೇ ಪಾತ್ರಕ್ಕೆ ಹೆನ್ರಿ ಕ್ಯಾವಿಲ್ ಬಂದರು. ಅವರ ಹಾಗಾಗಲು ಜಿಮ್ಮಿಗೆ ದುಡ್ಡು ಕಟ್ಟಬೇಕು. 2025ರ ಡೇವಿಡ್ ಕೊರೆನ್ಸ್‌ವೆಟ್ ಅಳಿಲನ್ನೂ ಉಳಿಸುತ್ತಾರೆ. ಶಿರಾ ಕಡೆಯ ಕಡ್ಲೆಕಾಯಿ ಹೊಲದವರ ಮುಂದೆ ಆ ಮಾತು ಎತ್ತುವ ಹಾಗಿಲ್ಲ.

ಹಾಗಾಗಿ ರೀವ್ ಅವರೇ ಗಟ್ಟಿ. ನಮ್ಮ ಮಧುಗಿರಿಯ ಸುಮಾರು 3,900 ಅಡಿ ಎತ್ತರದ ಏಕಶಿಲೆ ಬೆಟ್ಟ ಹುಟ್ಟಿದಾಗಿನಿಂದ ಕಣ್ಣೆದುರೇ ನೆಟ್ಟಗೆ ನಿಂತಿದ್ದರೂ, ನನ್ನ ಬೆನ್ನಿಗೆ ಬುದ್ಧಿ ಹೇಳಲು ಅಮೆರಿಕದ ನಟನೇ ಬರಬೇಕಾಯಿತು. ಕನ್ನಡಕ ತೆಗೆಯುವ ಭಾಗ ಕೈಬಿಟ್ಟೆ. ತೆಗೆದರೆ ಬಸ್ಸಿನ ಬೋರ್ಡು ಕಾಣುವುದಿಲ್ಲ. ಉಳಿದದ್ದನ್ನು ಮನೆಯಲ್ಲೇ ಶುರುಮಾಡಿದೆ. ಅಮ್ಮ ಮುದ್ದೆ ಬಡಿಸುತ್ತಾ, “ಯಾಕಪ್ಪಾ ಹಂಗೆ ಸೆಟೆದು ಕೂತಿದೀಯ, ಕತ್ತು ಉಳುಕೈತಾ?” ಎಂದರು. ಹೆಂಡತಿ, “ರೀ, ಫೋಟೋಗೆ ಕೂತಿದೀರಾ?” ಎಂದಳು.

ಶಿರಾ ಬಸ್ಸಿನಲ್ಲಿ ಅಜ್ಜಿಯೊಬ್ಬರಿಗೆ ನೆಟ್ಟಗೆ ಎದ್ದು ನಿಂತು, ದನಿ ಗಟ್ಟಿ ಮಾಡಿ ಸೀಟು ಬಿಟ್ಟುಕೊಟ್ಟೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀನೇ ಕೂತ್ಕೋ ಕಣಪ್ಪ, ಪಾಪ, ನಿಂಗೇ ಬೆನ್ನು ಹಿಡ್ಕೊಂಡೈತೆ” ಎಂದರು. ಬಸ್ಸಿನಲ್ಲಿದ್ದವರೆಲ್ಲ ಸೇರಿ ನನ್ನನ್ನು ಕೂರಿಸಿದರು.

ಆದರೂ ಬಿಡಲಿಲ್ಲ. ಬೆನ್ನು ನೆಟ್ಟಗಾದರೆ ಸಿಡುಕು ಕಡಿಮೆಯಾಗುತ್ತದೆ ಎನ್ನುವುದು ನನ್ನ ಅನುಭವ. ಬೈಯುವುದಕ್ಕೆ ಯಾಕೋ ಕತ್ತು ಮುಂದೆ ಬಾಗಲೇಬೇಕು. ಅದೇ ಹುರುಪಿನಲ್ಲಿ, ಅರ್ಜಿ ಹಿಡಿದು ನಮ್ಮ ಕಚೇರಿಗೆ ಬಂದ ಕೊರಟಗೆರೆ ಕಡೆಯ ಹಿರಿಯರೊಬ್ಬರಿಗೆ ಕುರ್ಚಿ ಎಳೆದು, “ಕೂತ್ಕೊಳ್ಳಿ ಯಜಮಾನ್ರೇ, ನಿಮ್ಮ ಕೆಲಸ ಇವತ್ತೇ ಮಾಡಿಕೊಡ್ತೀನಿ” ಎಂದೆ.

ಅವರು ಕೂರಲಿಲ್ಲ. ಆಚೀಚೆ ನೋಡಿ, ಮೇಜಿನ ಮೇಲೆ ಬಗ್ಗಿ ಪಿಸುಗುಟ್ಟಿದರು: “ಎಷ್ಟಾಯ್ತದೆ ಸಾಮಿ?”